ರಾಗಿಗೂ ಒಂದು ಸೀಟು

ತುಮಕೂರಿನವರು ದಿನಕ್ಕೆ ಹತ್ತು ಸಲ ಬಿ.ಎಚ್. ರಸ್ತೆ ಎನ್ನುತ್ತೇವೆ. ಅದರಲ್ಲಿನ ‘ಎಚ್’ ಎಂದರೆ ಹೊನ್ನಾವರ ಎಂಬುದು ನನಗೆ ಹೊಳೆದದ್ದು ನಲವತ್ತು ದಾಟಿದ ಮೇಲೆ. ತರಕಾರಿಗೆ, ಔಷಧಿಗೆ, ಮಗಳ ಟ್ಯೂಷನ್ನಿಗೆ ಎಂದು ದಿನವೂ ತುಳಿಯುವ ಈ ರಸ್ತೆಯನ್ನೇ ಬಿಡದೆ ಹಿಡಿದು ಹೊರಟರೆ ಗುಬ್ಬಿ, ತಿಪಟೂರು, ಅರಸೀಕೆರೆ, ಕಡೂರು, ತರೀಕೆರೆ, ಶಿವಮೊಗ್ಗ, ಸಾಗರ ಎಲ್ಲ ದಾಟಿ ಕೊನೆಗೆ ಸಮುದ್ರ ಸಿಗುತ್ತದೆ. ಇದನ್ನು ಒಂದು ರಾತ್ರಿ ಊಟದ ಹೊತ್ತಿನಲ್ಲಿ ಬಾಯಿತಪ್ಪಿ ಹೇಳಿದೆ. ಮಗಳು, ‘ಹಾಗಾದರೆ ದಸರಾ ರಜೆಗೆ ಹೋಗೋಣ’ ಎಂದಳು. ಎರಡು ನಿಮಿಷದಲ್ಲಿ ಪ್ರವಾಸ ಗೊತ್ತಾಯಿತು. ಮುಂದಿನ ಮೂರು ವಾರ ಕಳೆದದ್ದು ರಾಗಿ ಬರಬೇಕೇ ಬೇಡವೇ ಎಂಬ ಚರ್ಚೆಯಲ್ಲಿ.

ರಾಗಿ ನಮ್ಮ ನಾಯಿ. ನಾಲ್ಕು ವರ್ಷದ ಹಿಂದೆ ಕ್ಯಾತ್ಸಂದ್ರದಲ್ಲಿ ತಟ್ಟೆ ಇಡ್ಲಿ ತಿಂದು ಹೊರಗೆ ಬಂದಾಗ, ಮಳೆಯಲ್ಲಿ ನೆನೆದು ನಮ್ಮ ಸ್ಕೂಟರಿನ ಕೆಳಗೆ ಕೂತಿದ್ದಳು. ಮೈಬಣ್ಣ ಆಗತಾನೇ ಬೀಸಿದ ರಾಗಿ ಹಿಟ್ಟಿನದು. ಹೆಸರಿಡಲು ಮಗಳಿಗೆ ಹೆಚ್ಚು ಹೊತ್ತು ಬೇಕಾಗಲಿಲ್ಲ. ತಳಿ ಯಾವುದೆಂದು ಕೇಳಿದವರಿಗೆ ನಾವು ‘ತುಮಕೂರಿನದೇ’ ಎನ್ನುತ್ತೇವೆ. ಆಹಾರವೂ ಹೆಸರಿಗೆ ತಕ್ಕುದೇ. ಈರುಳ್ಳಿ ನಾಯಿಗೆ ವಿಷವಿದ್ದಂತೆ ಎಂದು ಪಶುವೈದ್ಯರು ಹೆದರಿಸಿದ ಮೇಲೆ ಸಾರು ನಿಂತಿತು. ಈಗ ಮುದ್ದೆ, ಮಜ್ಜಿಗೆ. ಅಮ್ಮನ ಊಟವೂ ಹೆಚ್ಚು ಕಡಿಮೆ ಅಷ್ಟೇ, ಜೊತೆಗೊಂದು ಚೂರು ಉಪ್ಪಿನಕಾಯಿ. ಇಬ್ಬರೂ ರಾತ್ರಿ ಏಳೂವರೆಗೆ ಹಿಂದಿನ ಜಗಲಿಯಲ್ಲಿ ಎದುರುಬದುರು ಕೂತು ಊಟ ಮುಗಿಸುತ್ತಾರೆ. ನಾವು ಒಂಬತ್ತಕ್ಕೆ ಟಿ.ವಿ. ಮುಂದೆ ಕೂತು ಚಪಾತಿ ತಿನ್ನುವವರು ಆ ಪಂಕ್ತಿಗೆ ಸೇರುವುದಿಲ್ಲ.

ಚರ್ಚೆಯಲ್ಲಿ ನಾನು ಒಂದು ವಿಚಿತ್ರ ಗಮನಿಸಿದೆ. ಮನೆಯಲ್ಲಿ ಯಾರೂ ತಮ್ಮ ಬಗ್ಗೆ ಮಾತನಾಡುತ್ತಿರಲಿಲ್ಲ. ‘ಪಾಪ, ಅಷ್ಟು ದೂರ ಕಾರಿನಲ್ಲಿ ಕೂತರೆ ಅವಳಿಗೆ ಸುಸ್ತು’ ಎಂದಳು ಹೆಂಡತಿ. ಹಿಂದಿನ ವಾರವಷ್ಟೇ ಹೊಸ ಸೀಟ್ ಕವರ್ ಹಾಕಿಸಿದ ವಿಷಯ ಮಾತಿನಲ್ಲಿ ಬರಲೇ ಇಲ್ಲ. ‘ನಾವಿಲ್ಲದೆ ಅವಳಿಗೆ ನಿದ್ದೆ ಬರುವುದಿಲ್ಲ’ ಎಂದಳು ಮಗಳು. ನಾಯಿಯನ್ನು ಕಾಲಬುಡದಲ್ಲಿ ಮಲಗಿಸಿಕೊಳ್ಳದೆ ನಿದ್ದೆ ಬಾರದಿರುವುದು ಯಾರಿಗೆಂದು ನನಗೆ ಗೊತ್ತು. ನಾನು, ‘ಘಾಟಿಯ ತಿರುವುಗಳು ಅವಳಿಗೆ ಆಗುವುದಿಲ್ಲ’ ಎಂದೆ. ನಿಜ ಹೇಳಬೇಕೆಂದರೆ ಗೇರುಸೊಪ್ಪೆ ಘಾಟಿ ನೆನೆದರೆ ನನಗೇ ಸ್ಟೀರಿಂಗ್ ಹಿಡಿದ ಕೈ ಬೆವರುತ್ತದೆ. ಅಮ್ಮ ಮಾತ್ರ, ‘ದಾರಿಯಲ್ಲಿ ಎರಡು ಗಂಟೆಗೊಮ್ಮೆಯಾದರೂ ನಿಲ್ಲಿಸಬೇಕಪ್ಪ. ಅದು ಪಾಪ, ಬಾಯಿಬಿಟ್ಟು ಹೇಳುತ್ತದೆಯೇ?’ ಎಂದು ಕಾಳು ಬಿಡಿಸುವುದನ್ನು ಮುಂದುವರಿಸಿದಳು.

ಹೋಮ್‌ಸ್ಟೇಯವರನ್ನು ಕೇಳಿಬಿಡೋಣ ಎಂದಾಯಿತು. ಹೆಂಡತಿ ಫೋನ್ ಮಾಡಿ, ಮಾತಿನ ಕೊನೆಗೆ, ‘ಮತ್ತೆ, ನಮ್ಮ ಜೊತೆ ರಾಗಿಯೂ ಇರುತ್ತದೆ, ಪರವಾಗಿಲ್ಲವೇ?’ ಎಂದಳು. ನಾಯಿ ಎಂಬ ಶಬ್ದ ನಮ್ಮ ಮನೆಯಲ್ಲಿ ಬಳಕೆ ತಪ್ಪಿ ಬಹಳ ಕಾಲವಾಗಿದೆ.

‘ಧಾರಾಳವಾಗಿ ತನ್ನಿ. ನಿಮ್ಮ ಕಡೆಯವರಿಗೆ ಅದಿಲ್ಲದೆ ಆಗುವುದಿಲ್ಲ ಎಂದು ನಮಗೆ ಗೊತ್ತುಂಟು. ಇಲ್ಲಿ ಬರೀ ಕುಚ್ಚಲಕ್ಕಿ. ಎಷ್ಟು ಕಿಲೋ?’

ಅವಳು ಲಸಿಕೆ ಹಾಕಿಸಲು ಹೋದಾಗ ತೂಕ ಮಾಡಿದ್ದನ್ನು ನೆನಪಿಸಿಕೊಂಡು, ‘ಹದಿನಾರು’ ಎಂದಳು.

ಆ ಕಡೆ ಸ್ವಲ್ಪ ಹೊತ್ತು ಸದ್ದಿಲ್ಲ. ಆಮೇಲೆ, ‘ನಾಲ್ಕು ಜನಕ್ಕೆ, ಮೂರು ದಿನಕ್ಕೆ?’ ಎಂದು ಕೇಳಿಸಿತು.

ಗೊಂದಲ ಬಗೆಹರಿದ ಮೇಲೆ ಅವರು ನಾಯಿಗೂ ಬೇಡವೆನ್ನಲಿಲ್ಲ. ತಮ್ಮಲ್ಲೂ ಒಬ್ಬನಿದ್ದಾನೆ, ಅವನು ಒಪ್ಪಿದರಾಯಿತು ಎಂದರು. ಹೊನ್ನಾವರದ ಪಕ್ಕದ ಕಾಸರಕೋಡಿನ ಕಡಲತೀರಕ್ಕೆ ಮಾತ್ರ ಕರೆದುಕೊಂಡು ಹೋಗುವಂತಿಲ್ಲವಂತೆ. ಅದಕ್ಕೆ 2020ರಲ್ಲಿ, ಸ್ವಚ್ಛ, ಸುರಕ್ಷಿತ ಕಡಲತೀರಗಳಿಗೆ ಕೊಡುವ ಬ್ಲೂ ಫ್ಲ್ಯಾಗ್ ಮನ್ನಣೆ ಸಿಕ್ಕಿದೆ. ನಾಯಿಗಳ ಓಡಾಟವನ್ನು ಕಟ್ಟುನಿಟ್ಟಾಗಿ ನಿಯಂತ್ರಿಸಬೇಕೆಂಬುದು ಆ ಬಾವುಟದ ಷರತ್ತುಗಳಲ್ಲೊಂದು. ಅಲ್ಲಿಗೆ, ಸಮುದ್ರ ನೋಡಲು ಹೊರಟ ಐವರಲ್ಲಿ ಒಬ್ಬಳಿಗೆ ಸಮುದ್ರವೇ ಇಲ್ಲ ಎಂದಾಯಿತು.

ಮಗಳು ಸುಲಭಕ್ಕೆ ಸೋಲುವವಳಲ್ಲ. ಕಾರಿನಲ್ಲಿ ಇಕ್ಕಟ್ಟಾಗುವುದಾದರೆ ತಾನು, ಅಜ್ಜಿ ಮತ್ತು ರಾಗಿ ಸರ್ಕಾರಿ ಬಸ್ಸಿನಲ್ಲಿ ಬರುತ್ತೇವೆ, ಮೂವರೂ ಹೆಂಗಸರು, ಶಕ್ತಿ ಯೋಜನೆಯಲ್ಲಿ ಖರ್ಚೇ ಇಲ್ಲ ಎಂದಳು. ನಾನು ಅವಳಿಗೆ ಲವ್‌ಬರ್ಡ್ಸ್ ಪ್ರಸಂಗ ಹೇಳಬೇಕಾಯಿತು. 2024ರಲ್ಲಿ ಒಬ್ಬ ಅಜ್ಜಿ ಮೊಮ್ಮಗಳೊಂದಿಗೆ ಬೆಂಗಳೂರಿನಿಂದ ಮೈಸೂರಿಗೆ ನಾಲ್ಕು ಪುಟ್ಟ ಹಕ್ಕಿಗಳನ್ನು ಪಂಜರದಲ್ಲಿಟ್ಟುಕೊಂಡು ಬಸ್ ಹತ್ತಿದ್ದರು. ಅಜ್ಜಿ, ಮೊಮ್ಮಗಳಿಗೆ ಶೂನ್ಯ ಟಿಕೆಟ್. ಹಕ್ಕಿಗಳಿಗೆ ತಲಾ 111ರಂತೆ 444 ರೂಪಾಯಿ. ಆ ಟಿಕೆಟ್ಟಿನ ಚಿತ್ರ ಊರೆಲ್ಲ ಸುತ್ತಿತು. ರೆಕ್ಕೆ ಇದ್ದೂ ಬಸ್ಸಿನಲ್ಲಿ ಹೋದರೆ ದಂಡ ಬೇಡವೇ ಎಂದು ಆಗ ನಾನು ನಕ್ಕಿದ್ದೆ. ಈಗ ನಾಲ್ಕು ಕಾಲಿನವಳ ಲೆಕ್ಕ ಹಾಕುವಾಗ ನಗು ಬರಲಿಲ್ಲ. ಹೆಣ್ಣು ನಾಯಿಯೆಂದು ನಿರ್ವಾಹಕರ ಮುಂದೆ ವಾದಿಸಲು ಆಧಾರ್ ಕಾರ್ಡಾದರೂ ಬೇಕಲ್ಲ. ರೈಲಿನ ಕಥೆ ಇನ್ನೂ ಘನವಾದದ್ದು: ಮೊದಲ ದರ್ಜೆಯ ಎ.ಸಿ.ಯಲ್ಲಿ ಇಡೀ ಕೂಪೆಯನ್ನೇ ಕಾಯ್ದಿರಿಸಿದರೆ ನಾಯಿ ಯಜಮಾನನ ಜೊತೆಗೆ, ಇಲ್ಲದಿದ್ದರೆ ಗಾರ್ಡಿನ ಡಬ್ಬಿಯಲ್ಲಿ ಒಂದು ಪೆಟ್ಟಿಗೆಯೊಳಗೆ. ಮೊದಲ ದರ್ಜೆಯನ್ನು ನಾನೇ ಒಳಗಿನಿಂದ ನೋಡಿಲ್ಲ.

ಕೊನೆಗೆ ಪರೀಕ್ಷೆ ಮಾಡಿಯೇ ಬಿಡೋಣ ಎಂದು ಒಂದು ಭಾನುವಾರ ರಾಗಿಯನ್ನು ಕೂರಿಸಿಕೊಂಡು ದೇವರಾಯನದುರ್ಗಕ್ಕೆ ಹೊರಟೆವು. ಊರಿನಿಂದ ಸುಮಾರು ಹದಿನೈದು ಕಿಲೋಮೀಟರ್. ಹೊಸ ಸೀಟ್ ಕವರಿನ ಮೇಲೆ ಹಳೆಯ ಜಮಖಾನ, ಅದರ ಮೇಲೆ ದಿನಪತ್ರಿಕೆ. ಬಯಲಿನಲ್ಲಿ ರಾಗಿ ಮಹಾರಾಣಿಯಂತೆ ಕಿಟಕಿಗೆ ಮೂಗಿಟ್ಟು ಬಂದಳು. ದಾರಿಬದಿಯ ನಾಯಿಗಳು ಬೊಗಳಿದರೆ ಉತ್ತರ ಕೊಡುವ ಗೋಜಿಗೂ ಹೋಗಲಿಲ್ಲ. ಕಾರು ಹತ್ತಿದವರಿಗೆ ಅಷ್ಟು ಬೇಗ ಅಷ್ಟು ಬಿಗುಮಾನ ಬರುವುದು ನಾಯಿಗಳಲ್ಲೂ ಇದೆಯೆಂದು ಅಂದೇ ನೋಡಿದ್ದು. ಬೆಟ್ಟದ ಮೊದಲ ತಿರುವಿನಲ್ಲಿ ಜೊಲ್ಲು ಸುರಿಯತೊಡಗಿತು. ಎರಡನೆಯದರಲ್ಲಿ ಮಗಳ ಮುಖವನ್ನು ದೀನವಾಗಿ ನೋಡಿದಳು. ಮೂರನೆಯದರಲ್ಲಿ ಬೆಳಗಿನ ಮುದ್ದೆ, ಮಜ್ಜಿಗೆ ಎರಡೂ ಜಮಖಾನವನ್ನೂ ದಿನಪತ್ರಿಕೆಯನ್ನೂ ಜಾಣ್ಮೆಯಿಂದ ತಪ್ಪಿಸಿ ಸೀಟಿನ ಮೇಲೆ ಬಿದ್ದವು. ಮೇಲೆ ತಲುಪಿ ಬಾಗಿಲು ತೆರೆದರೆ ಎದುರಿಗೆ ಕೋತಿಗಳ ಹಿಂಡು. ಒಂದು ಗಡವ ಬಂದು ಬಾನೆಟ್ಟಿನ ಮೇಲೆ ಕೂತು ಒಳಗೆ ಇಣುಕಿತು. ಬೀದಿಯಲ್ಲಿ ಹಾಲಿನವನನ್ನೂ ಅಂಚೆಯವನನ್ನೂ ಬಿಡದ ವೀರನಾರಿ ಬ್ರೇಕಿನ ಕೆಳಗೆ, ನನ್ನ ಎರಡು ಕಾಲುಗಳ ನಡುವೆ ಅಡಗಿದಳು. ನರಸಿಂಹಸ್ವಾಮಿಗೆ ಕಾರಿನೊಳಗಿನಿಂದಲೇ ಕೈಮುಗಿದು ಇಳಿದೆವು.

ಅವತ್ತು ಮಧ್ಯಾಹ್ನ ಸೀಟು ತೊಳೆಯುತ್ತಿದ್ದಾಗ ಅಮ್ಮ ಬಕೆಟ್ ಪಕ್ಕ ಬಂದು ನಿಂತು, ‘ನಾನು ರಾಗಿಯ ಜೊತೆ ಮನೆಯಲ್ಲೇ ಇರುತ್ತೇನೆ. ನೀವು ಮೂವರು ಹೋಗಿ ಬನ್ನಿ’ ಎಂದಳು.

‘ಅಯ್ಯೋ ಅತ್ತೆ, ನೀವು ಬಾರದಿದ್ದರೆ ಹೇಗೆ? ನೀವು ಸಮುದ್ರವನ್ನೇ ನೋಡಿಲ್ಲ’ ಎಂದು ಹೆಂಡತಿ ಒತ್ತಾಯಿಸಿದಳು.

‘ಅದು ಎಲ್ಲಿಗೂ ಹೋಗುವುದಿಲ್ಲ ಬಿಡಮ್ಮ. ಇವಳನ್ನು ಯಾರ ಹತ್ತಿರ ಬಿಡುತ್ತೀರಿ?’

ಬೆಂಗಳೂರಿನಲ್ಲಿ ನಾಯಿಗಳಿಗೂ ಹಾಸ್ಟೆಲ್ ಇವೆ ಎಂದು ಮಗಳು ಮೊಬೈಲ್ ತೋರಿಸಿದಳು. ಹಾಸ್ಟೆಲ್ ಎಂಬ ಮಾತಿಗೆ ಅಮ್ಮನ ಮುಖ ಏಕೆ ಅಷ್ಟು ಗಂಟಾಯಿತೋ. ಮಾತು ಅಲ್ಲಿಗೇ ಮುಗಿಯಿತು.

ಹೊರಟ ದಿನ ನಿಟ್ಟೂರು ದಾಟುವಾಗ ನನಗೆ ಇದ್ದಕ್ಕಿದ್ದಂತೆ ಆ ‘ಎರಡು ಗಂಟೆಗೊಮ್ಮೆ’ ನೆನಪಾಯಿತು. ಹಿಂದಿನ ವರ್ಷ ಮದುವೆಯೊಂದಕ್ಕೆ ದಾವಣಗೆರೆಗೆ ಹೋಗುವಾಗ ಬೆಳಗಿನಿಂದ ಒಂದು ಗುಟುಕು ನೀರೂ ಕುಡಿಯದೆ ಕೂತಿದ್ದವಳು ಅಮ್ಮ. ಏಕೆಂದು ಆಗ ನಾವು ಕೇಳಿರಲಿಲ್ಲ. ಕಾರು ನಿಲ್ಲಿಸಲೇ ಎಂದುಕೊಂಡೆ. ನಿಲ್ಲಿಸಿ ಮಾಡುವುದೇನು? ತಿಪಟೂರಿನ ತೆಂಗಿನ ತೋಟಗಳು ಬಂದವು, ಹೋದವು.

ಸಂಜೆ ಹೊನ್ನಾವರದಿಂದ ಫೋನ್ ಮಾಡಿದೆ. ‘ಬೆಳಗಿನಿಂದ ಗೇಟಿನ ಹತ್ತಿರವೇ ಕೂತಿದ್ದಾಳೆ. ಊಟ ಸೇರುತ್ತಿಲ್ಲ. ನೀವು ಯಾವಾಗ ಬರುತ್ತೀರಿ ಎಂದು ದಾರಿ ನೋಡುತ್ತಿದ್ದಾಳೆ’ ಎಂದಳು ಅಮ್ಮ. ಮಗಳ ಕಣ್ಣು ತುಂಬಿತು. ನನಗೂ ಶರಾವತಿ ಕಡಲು ಸೇರುವ ಆ ಚೆಂದ ರುಚಿಸಲಿಲ್ಲ. ಮನಸ್ಸು ತಡೆಯದೆ ಪಕ್ಕದ ಮನೆಯ ಮೇಷ್ಟ್ರಿಗೆ ಫೋನ್ ಮಾಡಿ, ಒಂದು ಸಲ ನೋಡಿ ಬನ್ನಿ ಎಂದೆ. ಅವರು ಹೋಗಿ ಬಂದು, ‘ಏನೂ ಯೋಚನೆ ಮಾಡಬೇಡಿ. ನಿಮ್ಮ ನಾಯಿ ಎರಡು ಮುದ್ದೆ ತಿಂದು ಅಂಗಾತ ಮಲಗಿದೆ. ನಿಮ್ಮ ತಾಯಿಯವರೇ ಗೇಟಿನ ಹತ್ತಿರ ಕುರ್ಚಿ ಹಾಕಿಕೊಂಡು ಕೂತಿದ್ದಾರೆ’ ಎಂದರು.

ನಾಲ್ಕು ದಿನದ ಪ್ರವಾಸ ಮೂರಕ್ಕೆ ಇಳಿಯಿತು. ಕಾರಣ ಕೇಳಿದ ಹೋಮ್‌ಸ್ಟೇಯವರಿಗೆ, ‘ರಾಗಿ ಊಟ ಮಾಡುತ್ತಿಲ್ಲವಂತೆ’ ಎಂದೆ. ಹೊರಡುವ ಬೆಳಿಗ್ಗೆ ಅಮ್ಮನಿಗೆ ಫೋನ್ ಮಾಡಿ, ದಾರಿಯಲ್ಲಿ ಏನಾದರೂ ತರಬೇಕೇ ಎಂದು ಕೇಳಿದೆ.

‘ನನಗೇನೂ ಬೇಡಪ್ಪ’ ಎಂದಳು. ಸ್ವಲ್ಪ ತಡೆದು, ‘ಸಾಗರದ ಕಡೆ ಅಪ್ಪೆಮಿಡಿ ಉಪ್ಪಿನಕಾಯಿ ಚೆನ್ನಾಗಿರುತ್ತದಂತೆ. ರಾಗಿಗೆ ಒಂದು ಬಾಟಲಿ ತಾ.’