ಗ್ಲೆನ್ ವೇವರ್ಲಿ: ಮನೆಗಳೆಲ್ಲ ಸರ್ಕಾರದ ವಶಕ್ಕೆ ಎಂಬ ಸಂದೇಶ ಸರಿಯಲ್ಲ

"ಮೆಲ್ಬರ್ನಿನ ಗ್ಲೆನ್ ವೇವರ್ಲಿಯಲ್ಲಿ ಐದೇ ವರ್ಷಕ್ಕೆ ಜನಸಂಖ್ಯೆ ಇಮ್ಮಡಿಯಾಗಿದೆ, ಹೊಸ ರೈಲು ನಿಲ್ದಾಣದ ಸುತ್ತಲಿನ ಮನೆಗಳನ್ನೆಲ್ಲ ಸರ್ಕಾರ ವಶಪಡಿಸಿಕೊಳ್ಳಲಿದೆ" ಎಂಬ ಸಂದೇಶ ಅಲ್ಲಿನ ಕನ್ನಡಿಗರ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಹರಿದಾಡುತ್ತಿದೆ. ಎರಡೂ ತಪ್ಪು.

ಜನಗಣತಿಯ ಪ್ರಕಾರ 2016ರಲ್ಲಿ ಅಲ್ಲಿ ಸುಮಾರು 40,300 ಜನರಿದ್ದರು, 2021ರಲ್ಲಿ ಸುಮಾರು 42,600. ಏರಿಕೆ ಶೇ 6ಕ್ಕಿಂತ ಕಡಿಮೆ.

ಹೆಚ್ಚು ಆತಂಕ ಹುಟ್ಟಿಸಿರುವುದು ಮನೆಯ ಮಾತು. ಚೆಲ್ಟನ್‌ಹ್ಯಾಮ್‌ನಿಂದ ಬಾಕ್ಸ್ ಹಿಲ್‌ವರೆಗೆ 26 ಕಿ.ಮೀ. ಸುರಂಗ ರೈಲು ಮಾರ್ಗ ನಿರ್ಮಾಣವಾಗುತ್ತಿರುವುದು ನಿಜ. ಅದರ ಆರು ನಿಲ್ದಾಣಗಳಲ್ಲಿ ಗ್ಲೆನ್ ವೇವರ್ಲಿಯೂ ಒಂದು. ರೈಲು ಸಂಚಾರಕ್ಕೆ ಸರ್ಕಾರ ಇಟ್ಟುಕೊಂಡಿರುವ ಗುರಿ 2035. ನಿಲ್ದಾಣದ ಆಸುಪಾಸಿನಲ್ಲಿ ಎತ್ತರದ ಕಟ್ಟಡಗಳಿಗೆ ಅವಕಾಶ ಕೊಡುವುದು ವಲಯ ನಿಯಮದ, ಅಂದರೆ ಯಾವ ಜಾಗದಲ್ಲಿ ಏನು ಕಟ್ಟಬಹುದು ಎಂಬ ನಿಯಮದ, ಬದಲಾವಣೆ ಮಾತ್ರ. ಕಟ್ಟುವುದು, ಮಾರುವುದು, ಇದ್ದಂತೆಯೇ ಇರಿಸಿಕೊಳ್ಳುವುದು ಮಾಲೀಕರ ಇಷ್ಟ. ಭೂಸ್ವಾಧೀನದ ದಾರಿಯೇ ಬೇರೆ: ಮೆಲ್ಬರ್ನ್ ಇರುವ ವಿಕ್ಟೋರಿಯಾ ರಾಜ್ಯದ 1986ರ ಭೂಸ್ವಾಧೀನ ಮತ್ತು ಪರಿಹಾರ ಕಾಯ್ದೆಯಡಿ, ಕಾಮಗಾರಿಗೆ ಬೇಕಾದ ನಿರ್ದಿಷ್ಟ ಜಾಗದ ಮಾಲೀಕರಿಗೆ ಲಿಖಿತ ನೋಟಿಸ್ ಬರುತ್ತದೆ, ಪರಿಹಾರವೂ ಸಿಗುತ್ತದೆ.

ನೋಟಿಸ್ ಬಾರದೆ, ಬರೀ ಸಂದೇಶ ನೋಡಿ ಹೆದರಿ ಮನೆಯನ್ನು ಅಗ್ಗಕ್ಕೆ ಮಾರಬೇಡಿ. ಒಂಟಿಯಾಗಿರುವ ಹಿರಿಯರಿಗೆ ದಯವಿಟ್ಟು ಇದನ್ನು ಫೋನ್ ಮಾಡಿಯೇ ತಿಳಿಸಿ. ಆ ಸಂದೇಶವನ್ನು ಮಾತ್ರ ಇನ್ನು ಯಾರಿಗೂ ಕಳುಹಿಸಬೇಡಿ.