15 ಕೆಜಿಯ ಸಂಸಾರ

ಬೆಳಗಿನ ಜಾವ ಬೆಂಗಳೂರಿನ ವಿಮಾನ ನಿಲ್ದಾಣದಲ್ಲಿ ಚೆಕ್-ಇನ್ ಕೌಂಟರಿನ ಮುಂದಿನ ಸಾಲು ನೋಡಿ. ವಾರವಾರ ಹಾರುವವರು ಅದರಲ್ಲಿ ಕಾಣುವುದೇ ಅಪರೂಪ. ಅವರು ಹಿಂದಿನ ದಿನವೇ ವೆಬ್ ಚೆಕ್-ಇನ್ ಮುಗಿಸಿ, ಬೆನ್ನಿಗೊಂದು ಬ್ಯಾಗ್ ಏರಿಸಿ, ಮುಖ ಗುರುತಿಸಿ ಒಳಬಿಡುವ ಡಿಜಿ ಯಾತ್ರಾ ಕ್ಯಾಮೆರಾಗೆ ಮುಖ ತೋರಿಸಿ ಒಳಗೆ ಕಾಫಿ ಕುಡಿಯುತ್ತಿರುತ್ತಾರೆ. ಬೇಗ ಮುಗಿಸುವವರೆಲ್ಲ ಹೀಗೆ ಜಾರಿಕೊಂಡ ಮೇಲೆ ಸಾಲಿನಲ್ಲಿ ಉಳಿಯುವುದು ಮದುವೆ, ಬಾಣಂತನ, ಕಾಶಿಯಾತ್ರೆ. ಸಾಲು ತೆವಳದೆ ಇನ್ನೇನು ಮಾಡೀತು?

ಮೊದಲ ತೊಡಕು ಹೆಸರಿನದು. ಆಧಾರ್‌ನಲ್ಲಿ ‘ನಾಗರತ್ನ ಕೆ ಎಸ್’. ಟಿಕೆಟ್ ಬುಕ್ ಮಾಡುವಾಗ ‘ಲಾಸ್ಟ್ ನೇಮ್’ ಕೇಳಿದ್ದಕ್ಕೆ ಮೊಮ್ಮಗ ಗಂಡನ ಹೆಸರು ತುಂಬಿಸಿರುತ್ತಾನೆ. ವಿವರಣೆ ಗೇಟಿನಲ್ಲೇ ಶುರು. ಎರಡು ವರ್ಷ ತುಂಬದ ಕೂಸಿಗೆ ಜನನ ಪ್ರಮಾಣಪತ್ರದಂಥ ವಯಸ್ಸಿನ ದಾಖಲೆ ಬೇಕು. ಅದು ಮನೆಯ ಬೀರುವಿನಲ್ಲಿ ಭದ್ರವಾಗಿರುತ್ತದೆ.

“ರೀ, ಆಧಾರ್ ಎಲ್ರೀ?”

“ನಿನ್ ಕೈಗೇ ಕೊಟ್ನಲ್ಲೇ.”

ಆಮೇಲೆ ತೂಕ. ದೇಶದೊಳಗಿನ ಸಾಮಾನ್ಯ ಎಕಾನಮಿ ಟಿಕೆಟ್‌ಗೆ ತಲೆಗೆ 15 ಕೆಜಿ ಲಗೇಜು, ಜೊತೆಗೆ 7 ಕೆಜಿಯ ಕೈಚೀಲ. ಮನೆಯಲ್ಲಿ ಯಜಮಾನರು ಸೂಟ್‌ಕೇಸನ್ನು ಒಂದು ಕೈಲಿ ಎತ್ತಿ ‘ಹದಿನಾಲ್ಕು ದಾಟಲ್ಲ’ ಎಂದು ತೀರ್ಪು ಕೊಟ್ಟಿರುತ್ತಾರೆ. ಕೌಂಟರಿನ ಬೆಲ್ಟು 19.4 ಎನ್ನುತ್ತದೆ. ಒಂದೇ ಪಿಎನ್‌ಆರ್‌ನಲ್ಲಿ, ಅಂದರೆ ಒಂದೇ ಬುಕಿಂಗ್‌ನಲ್ಲಿ, ಇದ್ದರೆ ಅಜ್ಜಿಯ 8 ಕೆಜಿ ಚೀಲದ ಜೊತೆ ಲೆಕ್ಕ ಸರಿಹೋಗುತ್ತಿತ್ತು. ಆದರೆ ಕಾರ್ಡಿನ ಆಫರ್ ಆಸೆಗೆ ಅಜ್ಜಿಯ ಟಿಕೆಟ್ ಮೈದುನ ಬೇರೆಯಾಗಿ ತೆಗೆದಿದ್ದಾನೆ. ಹೆಚ್ಚುವರಿ ಕೆಜಿಗೆ ನೂರಾರು ರೂಪಾಯಿ ಎಂದ ಕೂಡಲೇ ಸೂಟ್‌ಕೇಸು ನೆಲದ ಮೇಲೆ ಬಾಯಿ ಬಿಡುತ್ತದೆ. ಸಾಂಬಾರ್ ಪುಡಿ, ರೇಷ್ಮೆ ಸೀರೆ, ಒಳಉಡುಪು ಎಲ್ಲದರ ಸಾರ್ವಜನಿಕ ದರ್ಶನ. ಅವಸರದಲ್ಲಿ ಕೈಚೀಲಕ್ಕೆ ದಾಟುವುದು ಮಾತ್ರ ಅಲ್ಲಿಗೆ ಹೋಗಲೇಬಾರದ ವಸ್ತುಗಳು: ಉಪ್ಪಿನಕಾಯಿ ಬಾಟಲಿ, ಕತ್ತರಿ, ಈಳಿಗೆಯಂಥ ಚಾಕು. ಪವರ್ ಬ್ಯಾಂಕ್ ಕೈಚೀಲದಲ್ಲೇ ಇರಬೇಕು. ಅದು ಬಟ್ಟೆಯ ನಡುವೆ ಬೆಚ್ಚಗೆ ಸೂಟ್‌ಕೇಸಿನಲ್ಲೇ ಉಳಿಯುತ್ತದೆ. ಎಕ್ಸ್‌ರೇಯಲ್ಲಿ ಕಂಡಾಗ ಮತ್ತೆ ಕರೆ ಬರುತ್ತದೆ.

ತಿಪಟೂರಿನ ಕೊಬ್ಬರಿ ಗಿಟುಕಿಗೂ ವಿಮಾನಯೋಗವಿಲ್ಲ. ಎಣ್ಣೆಯಂಶ ಹೆಚ್ಚಿರುವ ಒಣಕೊಬ್ಬರಿ ತಾನಾಗಿಯೇ ಬಿಸಿಯೇರಿ ಹೊತ್ತಿಕೊಳ್ಳಬಹುದೆಂದು ಅಪಾಯಕಾರಿ ಸರಕಿನ ಪಟ್ಟಿಯಲ್ಲಿದೆ. ಇದನ್ನು ಅಜ್ಜಿಗೆ ಒಪ್ಪಿಸಲು ಹಿಡಿಯುವ ಹೊತ್ತಿನಲ್ಲಿ ಮೂರು ಜನ ಒಂಟಿ ಪ್ರಯಾಣಿಕರ ಚೆಕ್-ಇನ್ ಆಗಿಹೋಗುತ್ತದೆ.

ಕೊನೆಯದು ಸೀಟು. ಆನ್‌ಲೈನಿನಲ್ಲಿ ದುಡ್ಡು ಕೊಟ್ಟು ಆರಿಸಲು ಮನಸ್ಸಾಗದೆ ‘ಕೌಂಟರಲ್ಲಿ ಕೇಳಿದ್ರೆ ಕೊಡ್ತಾರೆ’ ಎಂದು ಬಂದಿರುತ್ತಾರೆ. ಅಷ್ಟರಲ್ಲಿ ಉಳಿದಿರುವುದು ಅಲ್ಲೊಂದು ಇಲ್ಲೊಂದು ನಡುಸೀಟು. ಅಪ್ಪ 9, ಅಮ್ಮ 22, ಕಿಟಕಿಗಾಗಿ ಅಳುವ ಮಗ 27.

ಮನೆಯಲ್ಲೇ ತೂಗುವ ಕೊಕ್ಕೆ ತಕ್ಕಡಿ ಅಗ್ಗಕ್ಕೆ ಸಿಗುತ್ತದೆ. ವೆಬ್ ಚೆಕ್-ಇನ್ ಆಗಿದ್ದರೆ ಲಗೇಜು ಮಾತ್ರ ಒಪ್ಪಿಸುವ ‘ಬ್ಯಾಗ್ ಡ್ರಾಪ್’ ಸಾಲು ಬೇರೆಯೇ ಇರುತ್ತದೆ. ಫಲಕ ನೋಡದೆ ಉದ್ದದ ಸಾಲಿಗೇ ಸೇರುವುದು ನಮ್ಮವರ ಜಾಯಮಾನ. ಕೌಂಟರು ಸಾಮಾನ್ಯವಾಗಿ ವಿಮಾನಕ್ಕೆ 60 ನಿಮಿಷ ಮೊದಲು ಮುಚ್ಚುತ್ತದೆ. ಹಾಗಾಗಿ ಸಿಬ್ಬಂದಿ ಆಗಾಗ ಬಂದು “ಹುಬ್ಬಳ್ಳಿ ಪ್ಯಾಸೆಂಜರ್ಸ್ ಯಾರಾದ್ರೂ ಇದ್ದೀರಾ?” ಎಂದು ಕೂಗಿ, ತಡವಾಗಿ ಬಂದವರನ್ನೆಲ್ಲ ಮುಂದಕ್ಕೆ ಕರೆದೊಯ್ಯುತ್ತಾರೆ. ಮೂರು ತಾಸು ಮೊದಲೇ ಬಂದು ನಿಂತ ವಾರಾಣಸಿಗೆ ಹೊರಟ ಸಂಸಾರ ಇನ್ನೂ ನಾಲ್ಕು ಹೆಜ್ಜೆ ಹಿಂದೆ ಸರಿದಂತಾಗುತ್ತದೆ.