ಪೆಟ್ಟಿಗೆಗೆ ಜ್ವರ, ರೂಟರಿಗೆ ಬರೆ

"ಮನೆಯಲ್ಲಿ ಬಾಕ್ಸ್ ಉಂಟಾ?"

ನೆಟ್ ನಿಧಾನ ಎಂದು ದೂರು ಕೊಟ್ಟವರನ್ನು ಮಂಗಳೂರಿನಲ್ಲಿ ಈಗ ಮೊದಲು ಕೇಳುವ ಪ್ರಶ್ನೆ ಇದು. ಮುಂಚೆ "ರೂಟರ್ ಒಮ್ಮೆ ಆಫ್ ಮಾಡಿ ಆನ್ ಮಾಡಿ" ಎನ್ನುತ್ತಿದ್ದರು. ಅದರಲ್ಲಿ ಒಂದು ಮರ್ಯಾದೆ ಇತ್ತು. ತಪ್ಪು ರೂಟರಿನದ್ದು, ನಿಮ್ಮದಲ್ಲ. ಈಗ ಹಾಗಲ್ಲ. ಕಳ್ಳ ಚಾನೆಲ್ ತೋರಿಸುವ ಬಾಕ್ಸುಗಳ ಮೇಲೆ ದೇಶ ದೇಶಗಳಲ್ಲಿ ದಾಳಿ ನಡೆಯುತ್ತಿದೆ, ಇಟ್ಟುಕೊಂಡವರನ್ನು ಹಿಡಿಯುತ್ತಾರಂತೆ ಎಂಬ ಸುದ್ದಿ ವಾಟ್ಸ್‌ಆ್ಯಪಿನಲ್ಲಿ ಸುತ್ತಿದ್ದೇ ತಡ, ನೆಟ್ ಕೊಡುವವರಿಗೆ ಶುಕ್ರದೆಸೆ. ಯಾರ ಮನೆಯಲ್ಲಿ ವಿಡಿಯೊ ನಿಂತರೂ ಕಾರಣ ಬಾಕ್ಸ್. ನಿಮ್ಮಲ್ಲಿ ಇಲ್ವಾ? ಹಾಗಾದರೆ ಪಕ್ಕದ ಮನೆಯಲ್ಲಿ ಇರಬೇಕು. ಅಲ್ಲೂ ಇಲ್ವಾ? ಹಾಗಾದರೆ ಏರಿಯಾದಲ್ಲಿ ಎಲ್ಲೋ ಉಂಟು.

ಬಾಕ್ಸ್ ಎಂದರೆ ಏನೆಂದು ಕರಾವಳಿಗೆ ವಿವರಿಸಬೇಕಾಗಿಲ್ಲ. ಗಲ್ಫಿನಿಂದ ಬರುವ ರಟ್ಟಿನ ಪೆಟ್ಟಿಗೆಯಲ್ಲಿ ಟ್ಯಾಂಗ್, ಬಾದಾಮಿ, ಆಕ್ಸ್ ಆಯಿಲ್ ನಡುವೆ ಟವೆಲ್ ಸುತ್ತಿಕೊಂಡು ಇಳಿಯುವ ಅಂಗೈಯಗಲದ ಕಪ್ಪು ಡಬ್ಬಿ ಅದು. ಮೇಲೆ ಬರೆದ ಕಂಪನಿ ಹೆಸರನ್ನು ಯಾರೂ ಈವರೆಗೆ ಪೂರ್ತಿ ಓದಿಲ್ಲ. ಟಿವಿಗೆ ಚುಚ್ಚಿದರೆ ಸಾವಿರಗಟ್ಟಲೆ ಚಾನೆಲ್. ಐಪಿಎಲ್, ಯುರೋಪಿನ ಫುಟ್‌ಬಾಲ್, ಮೊನ್ನೆ ಶುಕ್ರವಾರ ಬಿಡುಗಡೆಯಾದ ಸಿನಿಮಾ, ಎಲ್ಲ ಒಂದೇ ರಿಮೋಟಿನಲ್ಲಿ. ವರ್ಷಕ್ಕೊಮ್ಮೆ ಯಾರಿಗೋ ಗೂಗಲ್ ಪೇ ಮಾಡಿದರೆ ಆಯಿತು. ಯಾರಿಗೆ ಎಂದು ಕೇಳಿದರೆ ಉತ್ತರ ಸಿದ್ಧ: "ಒಬ್ಬ ಹುಡುಗ ಇದ್ದಾನೆ." ನಮ್ಮ ಜಿಲ್ಲೆಯ ಅರ್ಧ ವ್ಯವಹಾರ ಈ ಒಬ್ಬ ಹುಡುಗನ ಕೈಯಲ್ಲಿದೆ. ತೆಂಗಿನಕಾಯಿ ಕೀಳಿಸಬೇಕಾ, ಬಾವಿಯ ಪಂಪ್ ರಿಪೇರಿಯಾ, ಆರ್‌ಟಿಒ ಕೆಲಸವಾ, ಎಲ್ಲದಕ್ಕೂ ಒಬ್ಬ ಹುಡುಗ ಇರುತ್ತಾನೆ. ಅವನ ಹೆಸರು ಯಾರಿಗೂ ಗೊತ್ತಿರುವುದಿಲ್ಲ. ನಂಬರ್ ಮಾತ್ರ ಎಲ್ಲರಲ್ಲೂ ಇರುತ್ತದೆ.

ಬಾಕ್ಸ್ ಕಳ್ಳಮಾಲು. ಅದರಲ್ಲಿ ಎರಡು ಮಾತಿಲ್ಲ. ಆದರೆ ಊರಿನ ನೆಟ್ಟನ್ನೆಲ್ಲ ಅದೇ ಕುಡಿದು ಮುಗಿಸುತ್ತದೆ ಎಂದರೆ ಸ್ವಲ್ಪ ಲೆಕ್ಕ ಹಾಕಬೇಕಾಗುತ್ತದೆ. ಒಂದು ಎಚ್‌ಡಿ ವಿಡಿಯೊ ಸಲೀಸಾಗಿ ಓಡಲು 5 ಎಂಬಿಪಿಎಸ್ ಆಸುಪಾಸು ಸಾಕು. 4ಕೆ ಆದರೆ 15ರಿಂದ 25. ನೀವು ದುಡ್ಡು ಕೊಡುತ್ತಿರುವುದು 100 ಎಂಬಿಪಿಎಸ್‌ಗೆ. ಅಂದರೆ ಅಜ್ಜಿ ಧಾರಾವಾಹಿ ನೋಡಲಿ, ಮಗ ಕ್ರಿಕೆಟ್ ನೋಡಲಿ, ಸೊಸೆ ಅಡುಗೆ ಮನೆಯಲ್ಲಿ ಮೀನು ಹುರಿಯುತ್ತಾ ರೀಲ್ಸ್ ನೋಡಲಿ, ಇನ್ನೂ ಹತ್ತು ಮಂದಿಗೆ ಜಾಗ ಉಳಿಯಬೇಕು. ಕದ್ದ ಕ್ರಿಕೆಟ್ಟಿಗೆ ದುಡ್ಡು ಕೊಟ್ಟ ಕ್ರಿಕೆಟ್ಟಿಗಿಂತ ಹಸಿವು ಜಾಸ್ತಿ ಎಂದು ಯಾವ ಎಂಜಿನಿಯರೂ ಹೇಳಿಲ್ಲ.

ಹಾಗಾದರೆ ಯಕ್ಷಗಾನದ ಲೈವ್ ನೋಡುವಾಗ ಬಣ್ಣದ ವೇಷ ಬಾಯಿ ತೆರೆದಲ್ಲೇ ನಿಂತು, ಪರದೆಯ ನಡುವಿನ ಚಕ್ರ ಮಾತ್ರ ಧೀಂಗಿಣ ಹಾಕುವುದು ಯಾಕೆ? ಕಾರಣ ಬೇಕಾದರೆ ತಲೆ ಎತ್ತಿ ಲೈಟ್ ಕಂಬ ನೋಡಿ. ಅಲ್ಲಿ ಇರುವ ವೈರುಗಳಲ್ಲಿ ಯಾವುದಕ್ಕೆ ಜೀವ ಇದೆ, ಯಾವುದು ಸತ್ತಿದೆ ಎಂದು ಹಾಕಿದವರಿಗೂ ಗೊತ್ತಿಲ್ಲ. ಹಳೆಯದನ್ನು ತೆಗೆಯುವ ಪದ್ಧತಿ ಇಲ್ಲ. ಅದರ ಮೇಲೆ ಹೊಸದು ಎಳೆಯುವುದು ಮಾತ್ರ. ಜೂನ್ ಬಂತೆಂದರೆ ಒಂದು ತೆಂಗಿನ ಮಡಲು ಬಿದ್ದರೂ ಒಂದು ವಾರ್ಡ್ ಕತ್ತಲು. ಮಳೆ ಬಿಟ್ಟ ಮೇಲೆ ಜೆಸಿಬಿ ಬರುತ್ತದೆ. ನೀರಿನ ಪೈಪಿನವರು ಒಮ್ಮೆ ಅಗೆಯುತ್ತಾರೆ, ಒಳಚರಂಡಿಯವರು ಇನ್ನೊಮ್ಮೆ, ಗ್ಯಾಸಿನವರು ಮತ್ತೊಮ್ಮೆ. ಮೂವರಿಗೂ ಮೊದಲು ಸಿಗುವುದು ಇಂಟರ್ನೆಟ್ ಕೇಬಲ್. ತುಲಾ ಮಾಸದ ಗುಡುಗು ಸಿಡಿಲಿಗೆ ಅಡಾಪ್ಟರ್ ಹೋಗುವುದು ಬೇರೆ. ಗುಡುಗು ಕೇಳಿದರೆ ಮೊದಲು ಟಿವಿ ಪ್ಲಗ್ ತೆಗೆಯುತ್ತಿದ್ದ ಅಮ್ಮಂದಿರು ಈಗ ರೂಟರಿನ ಪ್ಲಗ್ಗಿಗೆ ಓಡುತ್ತಾರೆ.

ಇನ್ನು ಮನೆಯ ಒಳಗೆ. ಕೆಂಪುಕಲ್ಲಿನ ದಪ್ಪ ಗೋಡೆ. ರೂಟರ್ ಇರುವುದು ಹಾಲ್‌ನ ಶೋಕೇಸಿನಲ್ಲಿ, ಟಿವಿಯ ಹಿಂದೆ. 5 ಗಿಗಾಹರ್ಟ್ಸ್ ವೈಫೈ ವೇಗದ್ದು, ಆದರೆ ಅಂಥ ಎರಡು ಗೋಡೆ ದಾಟುವಾಗ ಅದರ ಉಸಿರು ನಿಲ್ಲುತ್ತದೆ. 2.4 ದೂರ ಹೋಗುತ್ತದೆ, ಆದರೆ ನಿಧಾನ. ಮೇಲಿಂದ ಅಕ್ಕಪಕ್ಕದ ಮನೆಯವರೆಲ್ಲ ಅದರಲ್ಲೇ ಇರುತ್ತಾರೆ. ದೂರು ಕೊಟ್ಟರೆ ಬರುವ ಹುಡುಗ (ಇವನು ಬೇರೆ ಹುಡುಗ) ಮಲಗುವ ಕೋಣೆಗೆ ಕಾಲಿಡುವುದಿಲ್ಲ. ರೂಟರಿಗೆ ಮುತ್ತಿಡುವಷ್ಟು ಹತ್ತಿರ ನಿಂತು ಸ್ಪೀಡ್ ಟೆಸ್ಟ್ ಒತ್ತುತ್ತಾನೆ. ಅದು ಹತ್ತಿರದ ಸರ್ವರಿಗೆ, ಎಷ್ಟೋ ಸಲ ಅದೇ ಕಂಪನಿಯ ಸರ್ವರಿಗೆ, ಹೋಗಿ ಬಂದು 98 ಎಂದು ತೋರಿಸುತ್ತದೆ.

"ನೋಡಿ ಅಂಕಲ್, ಬರ್ತಾ ಉಂಟಲ್ಲ."

"ಇಲ್ಲಿ ಬರ್ತದೆ ಮಾರಾಯ, ಒಳಗೆ ಬರುವುದಿಲ್ಲ."

"ಒಳಗೆ ಬಾಕ್ಸ್ ಉಂಟಾ?"

ರಾತ್ರಿ ಎಂಟರ ಮೇಲೆ ಇಡೀ ಬೀದಿ ಒಟ್ಟಿಗೆ ಟಿವಿ ಹಾಕಿದಾಗ ಎಲ್ಲರ ಪಾಲೂ ಕರಗುತ್ತದೆ. ಒಂದೇ ಲೈನನ್ನು ಹಲವರಿಗೆ ಹಂಚಿದ್ದಾರೆ, ಅಷ್ಟೇ. ಇದನ್ನು ಜಾಹೀರಾತಿನಲ್ಲಿ ಹೇಳುವುದಿಲ್ಲ. ಸರ್ಕಾರವೂ ಈ ವಿಷಯದಲ್ಲಿ ಉದಾರಿ. 2023ರ ಆರಂಭದವರೆಗೆ 512 ಕೆಬಿಪಿಎಸ್, ಅಂದರೆ ಅರ್ಧ ಎಂಬಿಪಿಎಸ್, ಬಂದರೂ ಅದು ಬ್ರಾಡ್‌ಬ್ಯಾಂಡ್ ಅನ್ನಿಸಿಕೊಳ್ಳುತ್ತಿತ್ತು. ಈಗ ಕನಿಷ್ಠ 2 ಎಂಬಿಪಿಎಸ್ ಬೇಕು. ಹಾಗಾಗಿ ನಿಮ್ಮ ವಿಡಿಯೊ ನಿಂತಿರಬಹುದು, ನಿಮ್ಮ ಬ್ರಾಡ್‌ಬ್ಯಾಂಡ್ ಮಾತ್ರ ನಿಂತಿಲ್ಲ.

ಬಾಕ್ಸಿನದು ತಪ್ಪೇ ಇಲ್ಲ ಎಂದಲ್ಲ. ಇದೆ, ಆದರೆ ಅದು ಬೇರೆ ಕಡೆ ಇದೆ, ಮತ್ತು ಅದರ ಬಗ್ಗೆ ಯಾರಿಗೂ ಮಾತು ಬೇಡ. 2025ರ ಜೂನ್‌ನಲ್ಲಿ ಅಮೆರಿಕದ ಎಫ್‌ಬಿಐ ಒಂದು ಎಚ್ಚರಿಕೆ ಕೊಟ್ಟಿತು. ಇಂಥ ಅಗ್ಗದ ಬಾಕ್ಸುಗಳಲ್ಲಿ ಎಷ್ಟೋ ಕಾರ್ಖಾನೆಯಿಂದ ಹೊರಡುವಾಗಲೇ ಒಳಗೆ ಕಳ್ಳ ತಂತ್ರಾಂಶ ಇಟ್ಟುಕೊಂಡು ಬರುತ್ತವೆ. ಬ್ಯಾಡ್‌ಬಾಕ್ಸ್ 2.0 ಎಂದು ಅದಕ್ಕೆ ಹೆಸರು. ಮರುತಿಂಗಳು ಗೂಗಲ್ ಇದರ ಹಿಂದಿನವರ ಮೇಲೆ ನ್ಯೂಯಾರ್ಕಿನಲ್ಲಿ ಕೇಸು ಹಾಕಿತು. ಒಂದು ಕೋಟಿಗೂ ಹೆಚ್ಚು ಸಾಧನಗಳು ಇದರ ಕೈವಶವಾಗಿವೆ ಎಂದಿತು. ಅದಕ್ಕೂ ಮೊದಲು, 2024ರ ಡಿಸೆಂಬರಿನಲ್ಲಿ, ಜರ್ಮನಿಯವರು ತಮ್ಮ ದೇಶದ ಸುಮಾರು 30,000 ಸಾಧನಗಳ ಗುಟ್ಟಿನ ಸಂಪರ್ಕ ಕತ್ತರಿಸಿದ್ದರು. ಈ ಬಾಕ್ಸುಗಳು ಮಾಡುವ ಕೆಲಸ ಬಹಳ ಸೊಗಸಾದದ್ದು. ನೀವು ಮಲಗಿದ ಮೇಲೆ ನಿಮ್ಮ ಮನೆಯ ನೆಟ್ಟನ್ನು ಬಾಡಿಗೆಗೆ ಕೊಡುತ್ತವೆ. ಎಲ್ಲೋ ಇರುವ ವಂಚಕ ನಿಮ್ಮ ನೆಟ್ಟಿನ ವಿಳಾಸದಿಂದ ವ್ಯವಹಾರ ಮಾಡುತ್ತಾನೆ. ನಕಲಿ ಕ್ಲಿಕ್ ಒತ್ತುತ್ತಾನೆ, ನಕಲಿ ಖಾತೆ ತೆರೆಯುತ್ತಾನೆ. ಪೊಲೀಸರು ವಿಳಾಸ ಹುಡುಕಿದರೆ ಅದು ಬಂದು ನಿಲ್ಲುವುದು ಕದ್ರಿಯ ಒಬ್ಬ ನಿವೃತ್ತ ಹೆಡ್‌ಮಾಸ್ಟರರ ಮನೆಯ ಹಾಲ್‌ನಲ್ಲಿ.

ಅಂದರೆ ಬಾಕ್ಸ್ ಕೊಂಡವರು ತಾವು ಕಂಪನಿಗಳಿಗೆ ಟೋಪಿ ಹಾಕಿದೆವು ಎಂದುಕೊಂಡಿದ್ದಾರೆ. ನಿಜಕ್ಕೆ ತಮ್ಮ ಮನೆಯ ನೆಟ್ಟನ್ನೇ ಬಾಡಿಗೆಗೆ ಬಿಟ್ಟಿದ್ದಾರೆ. ಅಡ್ವಾನ್ಸ್ ಇಲ್ಲ, ಅಗ್ರಿಮೆಂಟ್ ಇಲ್ಲ, ಬಾಡಿಗೆದಾರನ ಮುಖವೂ ನೋಡಿಲ್ಲ. ಬಾಡಿಗೆ ಹೋಗುವುದು ಬೇರೆಯವರ ಜೇಬಿಗೆ, ಕರೆಂಟ್ ಬಿಲ್ ಮಾತ್ರ ಇವರದ್ದು.

ಇದನ್ನು ನಿಲ್ಲಿಸಬೇಕಾದರೆ ಬಾಕ್ಸ್ ತಯಾರಿಸುವವರನ್ನು ಹಿಡಿಯಬೇಕು, ತರಿಸುವವರನ್ನು ಹಿಡಿಯಬೇಕು, ಮಾರುವವರನ್ನು ಹಿಡಿಯಬೇಕು. ಕಷ್ಟದ ಕೆಲಸ. ವೈರ್ ಕತ್ತರಿಸುವುದು ಸುಲಭ. ಯುರೋಪಿನವರು ಸುಲಭದ ದಾರಿಯನ್ನು ಭಕ್ತಿಯಿಂದ ಹಿಡಿದಿದ್ದಾರೆ.

ಸ್ಪೇನಿನಲ್ಲಿ ಫುಟ್‌ಬಾಲ್ ಲೀಗಿನವರು 2024ರ ಕೊನೆಯಲ್ಲಿ ಬಾರ್ಸಿಲೋನಾದ ಕೋರ್ಟಿನಿಂದ ಆದೇಶ ಪಡೆದರು. 2025ರ ಫೆಬ್ರವರಿಯಿಂದ ಅಲ್ಲಿ ಮ್ಯಾಚ್ ಇದ್ದ ದಿನ ಕಳ್ಳ ಪ್ರಸಾರದ ಐಪಿ ವಿಳಾಸಗಳನ್ನು, ಅಂದರೆ ನೆಟ್ಟಿನಲ್ಲಿ ಅದು ಹೊರಡುವ ಜಾಗದ ನಂಬರುಗಳನ್ನು, ಬಂದ್ ಮಾಡುತ್ತಾರೆ. ಆದರೆ ಕ್ಲೌಡ್‌ಫ್ಲೇರ್ ಎಂಬ ಕಂಪನಿಯ ಒಂದೇ ವಿಳಾಸದ ಹಿಂದೆ ಸಾವಿರಾರು ಸೈಟುಗಳು ಇರುತ್ತವೆ. ಕಳ್ಳನದೂ ಅಲ್ಲೇ, ಬಡಪಾಯಿ ಅಂಗಡಿಯವನದೂ ಅಲ್ಲೇ. ಸ್ಟೇಟ್ ಬ್ಯಾಂಕ್ ಬಸ್ ಸ್ಟ್ಯಾಂಡಿನಿಂದ ಹೊರಟ ಸಿಟಿ ಬಸ್ಸಿನಲ್ಲಿ ಒಬ್ಬ ಟಿಕೆಟ್ ತೆಗೆದಿಲ್ಲವೆಂದು ಪಂಪ್‌ವೆಲ್‌ನಲ್ಲಿ ಬಸ್ ನಿಲ್ಲಿಸಿ ಎಲ್ಲರನ್ನೂ ಇಳಿಸಿದ ಹಾಗೆ. ಟಿಕೆಟ್ ಇಲ್ಲದವನು ಆಗಲೇ ಹಿಂದಿನ ಬಾಗಿಲಿನಿಂದ ಹಾರಿ ಮುಂದಿನ ಬಸ್ಸಿನಲ್ಲಿ ಸೀಟು ಹಿಡಿದಿರುತ್ತಾನೆ. ಪಾಸ್ ಇದ್ದವರು ಬಿಸಿಲಿನಲ್ಲಿ ನಿಂತಿರುತ್ತಾರೆ. ಹೀಗೆ ಸ್ಪೇನಿನಲ್ಲಿ ಗೋಲು ಬೀಳುವ ಹೊತ್ತಿಗೆ ಅಂಗಡಿಗಳ ಆರ್ಡರ್ ಬಂದ್. ಅದೇ ಹೊತ್ತಿಗೆ ಉಳ್ಳಾಲದಲ್ಲಿ ಕೂತು ಅದೇ ಮ್ಯಾಚನ್ನು ಬಾಕ್ಸಿನಲ್ಲಿ ನೋಡುವವರಿಗೆ ಒಂದು ತೊಂದರೆಯೂ ಇಲ್ಲ. ಸ್ಪೇನಿನ ಬೇಲಿ ಸ್ಪೇನಿಗೆ.

ಇಟಲಿಯವರು ಇನ್ನೂ ಚುರುಕು. ಪೈರಸಿ ಶೀಲ್ಡ್ ಎಂಬ ವ್ಯವಸ್ಥೆಯನ್ನು 2024ರ ಫೆಬ್ರವರಿಯಲ್ಲಿ ಶುರು ಮಾಡಿದರು. ಪ್ರಸಾರದ ಹಕ್ಕುದಾರರು ಒಂದು ವಿಳಾಸ ಕೊಟ್ಟರೆ ನೆಟ್ ಕಂಪನಿಗಳು 30 ನಿಮಿಷದೊಳಗೆ ಅದನ್ನು ಮುಚ್ಚಬೇಕು. ಅದೇ ವರ್ಷ ಅಕ್ಟೋಬರಿನಲ್ಲಿ ಆ ಗಡಿಬಿಡಿಯಲ್ಲಿ ಅವರು ಮುಚ್ಚಿದ್ದು ಗೂಗಲ್ ಡ್ರೈವನ್ನು. ಹೋಂವರ್ಕ್, ಮದುವೆ ಫೋಟೊ, ಆಫೀಸಿನ ಕಡತ, ಎಲ್ಲವೂ ಗಂಟೆಗಟ್ಟಲೆ ಫುಟ್‌ಬಾಲ್ ಕಳ್ಳರ ಪಟ್ಟಿಯಲ್ಲಿ ಕುಳಿತವು.

ನಾವೇನು ಹಿಂದೆ ಬಿದ್ದವರಲ್ಲ. 2012ರಲ್ಲೇ ಇದನ್ನು ಮಾಡಿ ಮುಗಿಸಿದ್ದೇವೆ. ಒಂದು ತಮಿಳು ಸಿನಿಮಾದ ನಕಲು ತಡೆಯಲು ಮದ್ರಾಸ್ ಹೈಕೋರ್ಟಿನಿಂದ ಆದೇಶ ಬಂತು. ನಮ್ಮ ನೆಟ್ ಕಂಪನಿಗಳು ಆ ಸಿನಿಮಾದ ಕೊಂಡಿಗಳನ್ನು ಹುಡುಕುವ ತಾಪತ್ರಯ ಯಾಕೆಂದು ವಿಮಿಯೊ, ಪೇಸ್ಟ್‌ಬಿನ್‌ನಂಥ ಇಡೀ ಸೈಟುಗಳನ್ನೇ ಮುಚ್ಚಿದವು. ಪೂರ್ತಿ ಸೈಟ್ ಅಲ್ಲ, ಆ ಕೊಂಡಿಗಳನ್ನು ಮಾತ್ರ ಎಂದು ಕೋರ್ಟೇ ಆಮೇಲೆ ಬಿಡಿಸಿ ಹೇಳಬೇಕಾಯಿತು.

ಇಂಥ ಆದೇಶಗಳಲ್ಲಿ ಕಳ್ಳನ ಹೆಸರು ಗೊತ್ತಿರುವುದಿಲ್ಲವಲ್ಲ, ಅದಕ್ಕೆ ನಮ್ಮ ವಕೀಲರು ಒಂದು ಹೆಸರಿಟ್ಟಿದ್ದಾರೆ. ಅಶೋಕ್ ಕುಮಾರ್. ಗುರುತಿಲ್ಲದ ಆರೋಪಿ ಎಂದರೆ ಅಶೋಕ್ ಕುಮಾರ್. ಮಂಗಳೂರು, ಉಡುಪಿಯಲ್ಲಿ ನಿಜವಾದ ಅಶೋಕ್ ಕುಮಾರರು ಎಷ್ಟು ಮಂದಿ ಇಲ್ಲ! ಎಲ್ಲ ತಿಂಗಳೂ ಬಿಲ್ ಕಟ್ಟಿ, ನಾಲ್ಕು ಆ್ಯಪಿಗೆ ಚಂದಾ ಕಟ್ಟಿ, ಚಕ್ರ ತಿರುಗುವುದನ್ನು ನೋಡುತ್ತಿರುವವರು. ಈ ಬಗೆಯ ಆದೇಶ ನಮ್ಮಲ್ಲಿ ಶುರುವಾದದ್ದು 2002ರ ಫುಟ್‌ಬಾಲ್ ವಿಶ್ವಕಪ್ ಸಮಯದಲ್ಲಿ. ಲೈಸೆನ್ಸ್ ಇಲ್ಲದೆ ಮ್ಯಾಚ್ ತೋರಿಸುವ, ಹೆಸರು ಗೊತ್ತಿಲ್ಲದ ಕೇಬಲ್‌ನವರ ವಿರುದ್ಧ ದಿಲ್ಲಿ ಹೈಕೋರ್ಟ್ ಕೊಟ್ಟದ್ದು. ಆಗ ಆರೋಪ ಇದ್ದದ್ದು ಕೇಬಲ್ ವ್ಯಾಪಾರದ ಮೇಲೆ. ಈಗ ಅದೇ ವ್ಯಾಪಾರ ಫೈಬರ್ ಹಾಕಿಕೊಂಡು ಮನೆ ಬಾಗಿಲಿಗೆ ಬಂದು "ಬಾಕ್ಸ್ ಉಂಟಾ?" ಎಂದು ಕೇಳುತ್ತಿದೆ. ಕಾಲ ಹೇಗೆ ಬದಲಾಯಿತು ನೋಡಿ.

ಕಾನೂನು ಸಡಿಲ ಎಂದೂ ಹೇಳುವಂತಿಲ್ಲ. 2023ರ ಸಿನಿಮಾಟೊಗ್ರಾಫ್ ತಿದ್ದುಪಡಿಯ ಪ್ರಕಾರ ಸಿನಿಮಾ ಕದ್ದು ಚಿತ್ರೀಕರಿಸಿದರೆ, ಪ್ರಸಾರ ಮಾಡಿದರೆ ಮೂರು ತಿಂಗಳಿಂದ ಮೂರು ವರ್ಷ ಜೈಲು. ದಂಡ ಮೂರು ಲಕ್ಷಕ್ಕೆ ಕಡಿಮೆ ಇಲ್ಲ, ಸಿನಿಮಾದ ಲೆಕ್ಕಪರಿಶೋಧಿತ ಖರ್ಚಿನ ಶೇ. 5ರವರೆಗೆ ಏರಿಸಬಹುದು. ಮುಂಬೈಯ 100 ಕೋಟಿಯ ಸಿನಿಮಾಗೆ ಇದು ಸರಿ. ನಮ್ಮ ತುಳು ಸಿನಿಮಾಗೆ ಲೆಕ್ಕ ಹಾಕಿ. 50 ಲಕ್ಷದಲ್ಲಿ ತೆಗೆದದ್ದು ಎಂದುಕೊಳ್ಳಿ. ಅದರ ಶೇ. 5 ಎಂದರೆ ಎರಡೂವರೆ ಲಕ್ಷ. ಅಂದರೆ ಗರಿಷ್ಠ ದಂಡ ಎರಡೂವರೆ, ಕನಿಷ್ಠ ದಂಡ ಮೂರು! 60 ಲಕ್ಷಕ್ಕಿಂತ ಕಡಿಮೆ ಖರ್ಚಿನ ಯಾವ ಸಿನಿಮಾಗೂ ಇದೇ ಕತೆ. ಎರಡು ಜಿಲ್ಲೆಯ ಥಿಯೇಟರುಗಳನ್ನು ನಂಬಿಕೊಂಡು, ಅದರಲ್ಲೂ ಮೊದಲ ವಾರವನ್ನು ಮಾತ್ರ ನಂಬಿಕೊಂಡು ಸಿನಿಮಾ ತೆಗೆಯುವವರಿಗೆ ಪೈರಸಿಯ ಪೆಟ್ಟು ಎಲ್ಲರಿಗಿಂತ ಜೋರು. ಅವರನ್ನು ಕಾನೂನು ಬರೆದವರು ಲೆಕ್ಕಕ್ಕೇ ಹಿಡಿದಿಲ್ಲ. ದಿಲ್ಲಿಯಿಂದ ನೋಡಿದರೆ ತುಳು ಸಿನಿಮಾ ಅಷ್ಟು ಸಣ್ಣದಾಗಿ ಕಾಣುತ್ತದೆ ಅನ್ನಿಸುತ್ತದೆ.

ಈಗ ವೇಗದ ವಿಷಯಕ್ಕೆ ಬರೋಣ. ಜಗತ್ತಿನಲ್ಲಿ ಸಂಪರ್ಕ ಕಡಿಯಲು 30 ನಿಮಿಷ ಸಾಕು ಎಂದು ಇಟಲಿಯವರು ತೋರಿಸಿದ್ದಾರೆ. ಜೋಡಿಸಲು? ರೂಟರಿನಲ್ಲಿ ಕೆಂಪು ದೀಪ ಮಿಣುಕಿದರೆ ಆ್ಯಪಿನಲ್ಲಿ ದೂರು, ದೂರಿಗೆ ಒಂದು ನಂಬರ್, ನಂಬರಿಗೆ ಒಂದು ಕ್ಷಮಾಪಣೆ. "ಇವತ್ತು ಭಾನುವಾರ ಅಲ್ವಾ ಸರ್." "ನಾಳೆ ಹಬ್ಬ ಅಲ್ವಾ ಸರ್." "ಕಂಬ ಹತ್ತುವ ಹುಡುಗ ಊರಿಗೆ ಹೋಗಿದ್ದಾನೆ ಸರ್." ಮೂರನೇ ದಿನ ದೂರು ಪರಿಹಾರವಾಗಿದೆ ಎಂಬ ಮೆಸೇಜ್ ಬರುತ್ತದೆ. ದೀಪ ಇನ್ನೂ ಕೆಂಪಾಗಿಯೇ ಇರುತ್ತದೆ. ಸುಮ್ನೆ ಹಠ ಅದಕ್ಕೆ.

ಅದೇ ಬಾಕ್ಸಿನವರಿಗೆ ಹೇಗಿದೆ ಎಂದು ವಿಚಾರಿಸಿ ನೋಡಿ. ಫೈನಲ್ ಮ್ಯಾಚಿನ ಹತ್ತನೇ ಓವರಿನಲ್ಲಿ ಚಾನೆಲ್ ಬ್ಲಾಕ್ ಆಗುತ್ತದೆ. ವಾಟ್ಸ್‌ಆ್ಯಪಿನಲ್ಲಿ ಒಂದು ಸಾಲು ಹಾಕುತ್ತಾರೆ. ಮುಂದಿನ ಓವರ್ ಮುಗಿಯುವ ಮೊದಲು ಉತ್ತರ ಬರುತ್ತದೆ. "ಅಕ್ಕ, ಹೊಸ ಲಿಂಕ್ ಕಳಿಸಿದ್ದೇನೆ. ಬಾರದಿದ್ರೆ ಹೇಳಿ, ಫೋನಲ್ಲಿ ಸೆಟ್ ಮಾಡಿ ಕೊಡ್ತೇನೆ." ಭಾನುವಾರ ಇಲ್ಲ, ಹಬ್ಬ ಇಲ್ಲ, ಒಂದು ಒತ್ತಿ ಎರಡು ಒತ್ತಿ ಇಲ್ಲ. ಕನ್ನಡದಲ್ಲಿ ಕೇಳಿದರೆ ಕನ್ನಡ, ತುಳುವಿನಲ್ಲಿ ಕೇಳಿದರೆ ತುಳು, ಕೊಂಕಣಿ, ಬ್ಯಾರಿ ಯಾವುದಕ್ಕೂ ಸೈ. ಇಷ್ಟು ಒಳ್ಳೆಯ ಗ್ರಾಹಕ ಸೇವೆ ಮಂಗಳೂರಿನಲ್ಲಿ ಕಾನೂನಿನ ಒಳಗೆ ಇರುವ ಯಾವುದಕ್ಕಾದರೂ ಇದೆಯೇ?

ಆದ್ದರಿಂದ ಒಂದು ವಿನಂತಿ. ಆ ಒಬ್ಬ ಹುಡುಗನ ನಂಬರ್ ನಿಮ್ಮಲ್ಲಿದ್ದರೆ ನಿಮಗೆ ನೆಟ್ ಕೊಡುವವರಿಗೆ ಒಮ್ಮೆ ಕಳಿಸಿ. ಬಾಕ್ಸ್ ಕೊಳ್ಳಲಿಕ್ಕಲ್ಲ. ಅವರಿಗೆ ಕಂಬ ಹತ್ತಲು ಜನ ಬೇಕಂತೆ.